ಸೋಮವಾರದ ಹೊಗೆ

ಸೊಸೆ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದಳು. ಮರುದಿನ ಹತ್ತು ಗಂಟೆಗೆ ಮೇಲಿನವರ ಮುಂದೆ ತನ್ನ ಮೂರು ವರ್ಷದ ಕೆಲಸವನ್ನು ಒಪ್ಪಿಸಬೇಕು. ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆ ದಾರಿ.

ಗಾಳಿಯನ್ನು ಅಳೆಯುವುದು ಅವಳ ಕಸುಬು. ಪ್ರಯಾಣಿಕರ ವಿಮಾನವೊಂದರ ಹೊಟ್ಟೆಯಲ್ಲಿ ಅವಳ ಯಂತ್ರವಿದೆ, ಹೊರಗೆ ಗೇಣುದ್ದದ ಪೈಪು. ಅದು ದಾರಿಯುದ್ದಕ್ಕೂ ಗಾಳಿ ಎಳೆದುಕೊಂಡು, ಯಾವ ಅನಿಲ ಎಷ್ಟು, ಹೊಗೆಯ ಕಣ ಎಷ್ಟು ಎಂದು ಬರೆದಿಡುತ್ತದೆ. ಅದೇ ವಿಮಾನ ತೊಳೆಯುವ ಶೆಡ್ಡಿನಲ್ಲಿ ಅವಳ ಅತ್ತೆಗೆ ಹತ್ತೊಂಬತ್ತು ವರ್ಷದಿಂದ ಕೆಲಸ.

“ನೋಡಿ ಅತ್ತೆ, ಈ ಗುಡ್ಡ,” ಸೊಸೆ ನಕ್ಷೆಯ ಗೆರೆ ಎದ್ದು ನಿಂತ ಕಡೆ ಬೆರಳಿಟ್ಟಳು. “ಸೋಮವಾರ ಹಾರಿದಾಗೆಲ್ಲ ಕಣಗಳ ರಾಶಿ. ಮಂಗಳವಾರ ಅರ್ಧ. ಬುಧವಾರ ಮಾಯ!”

“ಆಕಾಶಕ್ಕೂ ವಾರ ಗೊತ್ತಾಗುತ್ತೇನೇ?” ಅತ್ತೆ ನಕ್ಕರು.

“ಕೆಳಗಿರೋ ಕಾರ್ಖಾನೆಗೆ ಭಾನುವಾರ ರಜ. ಸೋಮವಾರ ಹೊಸದಾಗಿ ಬೆಂಕಿ ಹಚ್ತಾರೆ, ಕುಲುಮೆ ಚೆನ್ನಾಗಿ ಕಾಯೋವರೆಗೆ ಹೊಗೆ ಜಾಸ್ತಿ. ಅದರ ಹೊಗೆ ಇದು.”

“ಯಾವಾಗಿಂದ?”

“ಹೋದ ವರ್ಷ ನಿಮಗೆ ಪೈಪು ತೋರಿಸಿದೆನಲ್ಲ, ಆಗಿನಿಂದ.”

ಅತ್ತೆ ಬೆರಳು ಮಡಿಸಿ ವಾರ ಲೆಕ್ಕ ಹಾಕಿದರು. ಆ ವಿಮಾನವನ್ನು ತೊಳೆಯುವುದು ಭಾನುವಾರ.

“ಆ ಪೈಪಿನ ಬಾಯಿ ನಾನು ಒರೆಸ್ತೀನಿ ಕಣೇ.”

“ತೊಳೆಯೋವಾಗ ನೀರು ಹೋಗದ ಹಾಗೆ ಅದಕ್ಕೆ ಟೇಪು ಅಂಟಿಸಿರ್ತಾರಲ್ಲ?”

“ಅದನ್ನ ಕಿತ್ತ ಮೇಲೆ ಅಂಟು ಉಳಿದು ಗಲೀಜಾಗಿ ಕಾಣುತ್ತೆ. ನಮ್ಮನೆ ಹುಡುಗಿ ಯಂತ್ರ, ಹಂಗೇ ಬಿಡೋದಾ ಅಂತ ಮೇಣದ ಪಾಲಿಶ್ ಹಾಕಿ ಉಜ್ತೀನಿ. ಒಳಗೂ, ಕಿರುಬೆರಳು ಹೋಗೋವರೆಗೆ.”

“ಐಸ್ ಕಟ್ಟಬಾರದು ಅಂತ ಪೈಪನ್ನ ಬಿಸಿ ಮಾಡ್ತೀವಿ ಅತ್ತೆ. ಮೇಣ ಕಾದರೆ ಹೊಗೆಯ ಕಣವಾಗಿ ಯಂತ್ರದೊಳಗೆ ಹೋಗುತ್ತೆ. ಮಂಗಳವಾರಕ್ಕೆ ಅರ್ಧ, ಬುಧವಾರಕ್ಕೆ ಪೂರ್ತಿ ಖಾಲಿ.” ಸೊಸೆ ಸೋಮವಾರದ ಗುಡ್ಡವನ್ನು ಬೆರಳಿನಿಂದ ತಟ್ಟಿದಳು. “ಒಂದು ವರ್ಷ ನಾನು ನಿಮ್ಮ ಪಾಲಿಶ್ ಅಳೆದಿದ್ದೀನಿ.”

“ನಾನು ಬಾಯಿ ಮುಚ್ಕೊಂಡಿದ್ರೆ ನಿನ್ನ ಕೆಲಸ ಉಳೀತಿತ್ತು. ನನ್ನ ನಾಲಿಗೆಗೆ ಬೆಂಕಿ ಹಾಕ.”

“ಬೈಕೋಬೇಡಿ.” ಸೊಸೆ ಹಾಳೆಯೊಂದನ್ನು ಎಳೆದು ಮುಂದಿಟ್ಟಳು. “ಕಾರ್ಖಾನೆ ಹೆಸರು ಬರೆದುಬಿಟ್ಟಿದ್ದೆ. ಇಲ್ಲಿ, ದಪ್ಪ ಅಕ್ಷರದಲ್ಲಿ. ನಾಳೆ ಓದಿದ್ದರೆ ಮುಚ್ಚಿಸ್ತಿದ್ರು. ಅಲ್ಲಿ ದುಡಿಯೋರು ಆರುನೂರು ಜನ, ಅತ್ತೆ.”

ಅತ್ತೆ ಬಗ್ಗಿ ಆ ಹೆಸರನ್ನು ಓದಿದರು. ಸೊಸೆ ಆ ಹೆಸರಿನ ಮೇಲೆ ಗೆರೆ ಎಳೆದಳು. ಅಕ್ಷರ ಇನ್ನೂ ಕಾಣುತ್ತಿದ್ದವು, ಮತ್ತೊಂದು ಎಳೆದಳು.

“ನಾಳೆ ಏನು ಹೇಳ್ತೀಯೇ?”

“ನಡೆದದ್ದು ಹೇಳ್ತೀನಿ. ಆ ಪಾಲಿಶ್ ಡಬ್ಬಿ ಎಲ್ಲಿದೆ? ಬೆಳಗ್ಗೆ ನೀವೂ ಬನ್ನಿ, ಎಷ್ಟು ಉಜ್ತೀರಿ ಅಂತ ಅವರಿಗೆ ತೋರಿಸಬೇಕು.”