ಆದರ್ಶ ಪುತ್ರನ ಕಾರು

ಅಳವಂಡಿಯ ಗೋವಿಂದರಾಜ ಎಲೆಕ್ಟ್ರಿಕ್ ಕಾರು ಕೊಂಡದ್ದು ಹೆತ್ತ ತಾಯಿಗಾಗಿ ಎಂದು ಊರೆಲ್ಲ ಹೇಳುತ್ತದೆ. ಹಾಗೆಂದು ಊರಿಗೆ ಹೇಳಿಕೊಟ್ಟವನು ಗೋವಿಂದರಾಜನೇ. ಅವನ ಹೆಂಡತಿ ಯಂಕವ್ವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ನಡೆದದ್ದು ಬೇರೆಯೇ. ಹೆಡ್ ಮಾಸ್ತರಿಕೆಯಿಂದ ರಿಟೈರಾದ ಮೇಲೆ ಗೋವಿಂದರಾಜನಿಗೆ ದಾರಿಯಲ್ಲಿ ನಮಸ್ಕಾರ ಮಾಡುವವರು ಕಡಿಮೆಯಾಗಿದ್ದರು. ಆ ಕೊರತೆ ನೀಗಲೆಂದು ಹುಬ್ಬಳ್ಳಿಯ ಯಾರೋ ಡಾಕ್ಟರು ಓಡಿಸಿ ಓಡಿಸಿ ಬೇಸತ್ತಿದ್ದ ಹಳೆಯ ಕಾರೊಂದನ್ನು ತಂದ. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆಯ ಹಂಗಿಲ್ಲ ಎಂದು ಬಸ್ ಸ್ಟ್ಯಾಂಡಿನ ಚಹದಂಗಡಿಯ ಮುಂದೆ ಅದನ್ನು ನಿಲ್ಲಿಸಿ ಪಾಠ ಮಾಡಿದ. ಸದ್ದಿಲ್ಲದ್ದೇ ತೊಂದರೆಯಾಯಿತು, ರಸ್ತೆಯಲ್ಲಿ ಮಲಗಿದ ಎಮ್ಮೆಗಳು ಈ ಕಾರಿಗೆ ಮಾತ್ರ ಏಳುತ್ತಿರಲಿಲ್ಲ. ಮೇಲಾಗಿ ಬ್ಯಾಟರಿಗೆ ವಯಸ್ಸಾಗಿತ್ತು. ಬೀಗರ ಮದುವೆಗೆಂದು ಕೊಪ್ಪಳಕ್ಕೆ ಹೋದ ದಿನ ಹೋಗುವಾಗ ಹೇಗೋ ಹೋಯಿತು, ಬರುವಾಗ ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿತು. ಕಡೆಗೆ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ರೇಷ್ಮೆ ಜುಬ್ಬಾದಲ್ಲಿ ಸ್ಟಿಯರಿಂಗ್ ಹಿಡಿದು ಗೋವಿಂದರಾಜ ಊರೊಳಗೆ ಬಂದ. ಪಕ್ಕದಲ್ಲಿ ಯಂಕವ್ವ ಮುಖದ ತುಂಬ ಸೆರಗು ಎಳೆದುಕೊಂಡು ಕೂತಿದ್ದಳು. ಆ ದಿನ ಅವನಿಗೆ ನಮಸ್ಕಾರ ಮಾಡಿದವರು ಬಹಳ ಮಂದಿ.

ವಾರದವರೆಗೆ ಅವನು ಹೊರಗೆ ಮುಖ ತೋರಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಹೇಳಿದ.

"ಯಂಕವ್ವ, ಈ ಕಾರು ಓಡ್ಲಿಕ್ಕೆ ತಂದದ್ದಲ್ಲ."

"ಮತ್ತ ಎಳೀಲಿಕ್ಕೆ ತಂದ್ರ್ಯಾ?"

"ಅವ್ವನ ಸಲುವಾಗಿ ತಂದೀನಿ."

ಅವ್ವ ಎಂದರೆ ಕಸ್ತೂರೆಮ್ಮ. ಗಂಡ ಬೇಗ ತೀರಿಕೊಂಡ ಮೇಲೆ ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ತೌಡು ಹೊಟ್ಟಿನ ಧೂಳು ಕುಡಿಯುತ್ತ ಮಗನನ್ನು ಮಾಸ್ತರನನ್ನಾಗಿ ಮಾಡಿದ ಹೆಂಗಸು. ಆ ಧೂಳು ಎದೆಯಲ್ಲಿ ಕೂತು ಈಗ ದಮ್ಮಾಗಿ ಕಾಡುತ್ತಿತ್ತು. ಮೂಗಿಗೆ ಸದಾ ನಳಿಗೆ, ಮಂಚದ ಪಕ್ಕ ಗುಂಯ್ ಎನ್ನುವ ಆಕ್ಸಿಜನ್ ಮಷಿನ್. ಕರೆಂಟ್ ಹೋದರೆ ಅದು ನಿಲ್ಲುತ್ತಿತ್ತು. ಆಗ ಯಂಕವ್ವ ಮೂಲೆಯಲ್ಲಿದ್ದ ಸಿಲಿಂಡರನ್ನು ಉರುಳಿಸಿ ತಂದು ನಳಿಗೆ ಬದಲಾಯಿಸಬೇಕಾಗಿತ್ತು. ಅಷ್ಟರೊಳಗೆ ಮುದುಕಿಯ ತುಟಿ ನೀಲಿಗೆ ತಿರುಗಿರುತ್ತಿತ್ತು.

ಗೋವಿಂದರಾಜ ಇನ್ವರ್ಟರ್ ಮಿಸ್ತ್ರಿ ಇಲಿಯಾಸನನ್ನು ಕರೆಸಿದ. ಇಲಿಯಾಸ ಮೂರು ಬಾರಿ ಚಹಾ ಕುಡಿದು, ಅರ್ಧ ಕಟ್ಟು ಬೀಡಿ ಸೇದಿ, ಕಾರಿನ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಕೂರಿಸಿದ. ಕಾರಿನ ಬ್ಯಾಟರಿಯಿಂದ ಆ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಕಿಟಕಿಯ ಮೂಲಕ ಮನೆಗೆ ವೈರು ಎಳೆದ. ಕರೆಂಟ್ ಇದ್ದಾಗ ಕಾರು ತುಂಬಿಕೊಳ್ಳುವುದು, ಹೋದಾಗ ಮನೆಗೆ ಕೊಡುವುದು. ಓಡಲಾರದ ಬ್ಯಾಟರಿ ಕೂತಲ್ಲಿ ದುಡಿಯಲು ಬಹಳವೇ ಗಟ್ಟಿಯಾಗಿತ್ತು. ಮೊದಲ ಸಲ ಓಣಿಯೆಲ್ಲ ಕತ್ತಲಾದಾಗ ಮಷಿನ್ ನಿಲ್ಲದೆ ಗುಂಯ್ ಎನ್ನುತ್ತಲೇ ಇತ್ತು, ನಿದ್ದೆಯಲ್ಲಿದ್ದ ಕಸ್ತೂರೆಮ್ಮನಿಗೆ ಕರೆಂಟ್ ಹೋದದ್ದು ಗೊತ್ತಾಗಲೂ ಇಲ್ಲ. ಯಂಕವ್ವನಿಗೆ ಕಣ್ಣಲ್ಲಿ ನೀರು ಬಂತು. ಗಂಡನ ಬಗ್ಗೆ ಅಂದುಕೊಂಡದ್ದನ್ನೆಲ್ಲ ಆ ಹೊತ್ತು ಅವಳು ಹಿಂದಕ್ಕೆ ತೆಗೆದುಕೊಂಡಳು. ಮರುದಿನವೇ ಅವನು ಸಿಲಿಂಡರನ್ನು ವಾಪಸು ಕಳಿಸಿದ.

"ಇರಲಿ ಬಿಡ್ರಿ ಮೂಲ್ಯಾಗ," ಎಂದಳು ಯಂಕವ್ವ.

"ಬಂದವ್ರ ಕಣ್ಣಿಗೆ ಬೀಳತೈತಿ. ಕಾರು ಇದ್ದ ಮನ್ಯಾಗ ಸಿಲಿಂಡರ್ ಯಾಕ ಅಂತಾರ."

ಬರುವವರಿಗೇನು ಕಡಿಮೆಯಿರಲಿಲ್ಲ. ಕರೆಂಟ್ ಹೋದೊಡನೆ ಗೋವಿಂದರಾಜ ಮನೆಯ ಹೊರದೀಪವನ್ನೂ, ಗಣಪತಿ ಹಬ್ಬದ ಬಣ್ಣದ ಸರವನ್ನೂ ಹಚ್ಚುತ್ತಿದ್ದ. ಜನ ಮೊಬೈಲ್ ಹಿಡಿದು ಚಾರ್ಜಿಗೆ ಬರುತ್ತಿದ್ದರು. ಚಾರ್ಜ್ ಆಗುವವರೆಗೆ ತಾಯಿಯ ಋಣದ ಮೇಲೆ ಅವನ ಮಾತು ಕೇಳಬೇಕು, ಅದು ಬಾಡಿಗೆ. ಮಾತು ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕಸ್ತೂರೆಮ್ಮನನ್ನು ನೋಡಿ ಹೋಗುವುದೂ ರೂಢಿಯಾಯಿತು. ಮುದುಕಿ ಗೋಡೆ ಕಡೆ ಮುಖ ಮಾಡಿ ಮಲಗುವುದನ್ನು ಕಲಿತಳು.

ಹಾಗೆ ಬಂದವರಲ್ಲಿ ವೆಂಕೋಬನೂ ಒಬ್ಬ. ಮಾತೃಭಕ್ತಿ ಸಾಂಸ್ಕೃತಿಕ ವೇದಿಕೆ ಎಂಬ ಸಂಘಕ್ಕೆ ಅವನೇ ಅಧ್ಯಕ್ಷ, ಅವನೇ ಕಾರ್ಯದರ್ಶಿ, ಶಾಲುಗಳಿರುವ ಟ್ರಂಕಿನ ಕೀಲಿಯೂ ಅವನದೇ. ಸನ್ಮಾನ ಮಾಡಿಸಿಕೊಳ್ಳದೆ ಉಳಿದವರು ಹೋಬಳಿಯಲ್ಲಿ ಎಲ್ಲಿದ್ದಾರೆ ಎಂದು ಹುಡುಕುವುದೇ ಅವನ ಉದ್ಯೋಗ.

"ಮಾಸ್ತರ, ನಿಮಗ ಆದರ್ಶ ಪುತ್ರ ಪ್ರಶಸ್ತಿ ಕೊಡಾಕ ಹತ್ತೀವ್ರಿ. ಸಾಲಿ ಬಯಲಿನ್ಯಾಗ ಸ್ಟೇಜ್. ಕಾರು ಮಾತ್ರ ತರಬೇಕ್ರಿ. ಅದಕ್ಕೂ ಹಾರ ಹಾಕ್ತೀವಿ."

ಕಾರಿಗೂ ಹಾರ ಎಂದ ಕೂಡಲೇ ಗೋವಿಂದರಾಜನ ಮುಖ ಹೋಳಿಗೆಯ ಹಾಗೆ ಉಬ್ಬಿತು.

ಸನ್ಮಾನದ ಸಂಜೆ ಯಂಕವ್ವ ಕಾರಿನ ಮುಂದೆ ಅಡ್ಡ ನಿಂತಳು. "ಕಾರು ಒಯ್ದ್ರ ಅತ್ತಿ ಮಷಿನ್ನಿಗೆ ಹೆಂಗ್ರಿ?"

"ಕರೆಂಟ್ ಐತಲ್ಲ. ಮುಂಜಾನಿಂದ ಹೋಗೇ ಇಲ್ಲ."

"ಮುಂಜಾನಿಂದ ಹೋಗಿಲ್ಲಂದ್ರ ಈಗ ಹೋಗೂ ಹೊತ್ತಾತು. ಸಾಲಿ ಬಯಲು ಎರಡು ಓಣಿ ಆಚಿಗೆ ಐತಿ, ನಡಕೊಂಡು ಹೋಗ್ರಿ."

"ಆದರ್ಶ ಪುತ್ರ ನಡಕೊಂಡು ಹೋಗ್ತಾನೇನು? ಮಂದಿ ಏನಂತಾರ? ಈಗ ಹೋಗಿ ಈಗ ಬಂದ್ಬಿಡ್ತೀನಿ."

ಒಳಗಿನಿಂದ ಕಸ್ತೂರೆಮ್ಮನ ದನಿ ಬಂತು. ಉಸಿರು ಕಡಿಮೆಯಾದ ಮೇಲೆ ಅವಳು ಮಾತನ್ನು ಬಹಳ ಆರಿಸಿ ಖರ್ಚು ಮಾಡುತ್ತಿದ್ದಳು. "ಗೋವಿಂದ, ನನ್ನ ಕರದಿಲ್ಲೇನಪ?"

"ನಿನಗ ತ್ರಾಸ ಆಗತೈತಿ ಯವ್ವಾ. ನಿನ್ನ ದೊಡ್ಡ ಫೋಟೋ ಮಾಡಿಸ್ಯಾರ, ಅದನ್ನ ಸ್ಟೇಜ್ ಮ್ಯಾಲೆ ಇಡ್ತಾರ."

"ಹೂಂ. ಫೋಟೋಕ್ಕ ದಮ್ಮು ಹತ್ತೂದಿಲ್ಲ. ಅದನ್ನ ಒಯ್ಯಿ."

ಗೋವಿಂದರಾಜ ಅದನ್ನು ಆಶೀರ್ವಾದವೆಂದು ತಿಳಿದ. ಕಿಟಕಿಯ ವೈರು ಕಿತ್ತು ಅಂಗಳಕ್ಕೆ ಎಸೆದು ಹೊರಟೇ ಹೋದ.

ಯಂಕವ್ವ ಒಳಗೆ ಬಂದು ಮಷಿನ್ನಿನ ಪಕ್ಕ ಕೂತಳು. ಅತ್ತೆಗೂ ಅವಳಿಗೂ ಹೇಳಿಕೊಳ್ಳುವಂಥ ಪ್ರೀತಿಯೇನೂ ಇರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ರೊಟ್ಟಿ ದಪ್ಪವಾಯಿತೆಂದು ಓಣಿಗೆಲ್ಲ ಸಾರಿದವಳು ಈ ಮುದುಕಿ. ಆದರೆ ಈಗ ಅವಳ ಉಸಿರು ಕಾಯುವ ಕೆಲಸ ಯಂಕವ್ವನ ತಲೆಗೇ ಬಿದ್ದಿತ್ತು, ಅದನ್ನು ಅವಳು ಒಲೆಯ ಮೇಲಿನ ಹಾಲಿನಂತೆ ಕಾಯುತ್ತ ಬಂದಿದ್ದಳು.

ಸೂರ್ಯ ಮುಳುಗುತ್ತಿದ್ದಂತೆ ಗಾಳಿ ಎದ್ದಿತು. ಫ್ಯಾನು ಒಮ್ಮೆ ತಡವರಿಸಿ ನಿಂತಿತು. ಮಷಿನ್ ಪೀಂ ಎಂದು ಕೂಗಿ ಸುಮ್ಮನಾಯಿತು. ಕಸ್ತೂರೆಮ್ಮ ಎದ್ದು ಕೂತು ಮಂಚದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದಳು.

ಯಂಕವ್ವ ಗಂಡನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು, ಅವನು ಕಟ್ ಮಾಡಿದ. ಅಷ್ಟರಲ್ಲಿ ಅವಳಿಗೆ ಒಂದು ವಿಚಿತ್ರ ಕೇಳಿಸಿತು. ಊರೆಲ್ಲ ಕತ್ತಲು, ಆದರೆ ಶಾಲೆಯ ಬಯಲಿನ ಲೌಡ್ ಸ್ಪೀಕರ್ ನಿಂತಿರಲಿಲ್ಲ. ವೆಂಕೋಬ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಬಂಧುಗಳೇ! ಊರಾಗ ಕರೆಂಟ್ ಹೋಗೈತಿ, ನಮ್ಮ ಮೈಕ್ ಹೋಗಿಲ್ಲ! ಇದು ಆದರ್ಶ ಪುತ್ರನ ಕಾರಿನ ಶಕ್ತಿ! ಜೋರಾಗಿ ಚಪ್ಪಾಳಿ!"

ಚಪ್ಪಾಳೆಯ ಬೆನ್ನಿಗೇ ಗೋವಿಂದರಾಜನ ದನಿ ಎದ್ದಿತು. ಮೈಕ್ ಸಿಕ್ಕರೆ ಅವನು ಪುಸ್ತಕದ ಕನ್ನಡ ಮಾತಾಡುತ್ತಿದ್ದ. "ಮಾತೆಯೇ ಮೊದಲ ದೇವರು. ನನ್ನ ತಾಯಿಯ ಪ್ರತಿಯೊಂದು ಉಸಿರಿಗೂ ನಾನು ಕಾವಲುಗಾರ..."

ಕತ್ತಲಲ್ಲಿ ಯಂಕವ್ವನ ಮುಂದೆ ಆ ತಾಯಿ ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದಳು. ಯಂಕವ್ವನಿಗೆ ಸಿಟ್ಟು ಬಂತು. ಅಷ್ಟು ದೊಡ್ಡ ಸಿಟ್ಟು ತನ್ನೊಳಗೆ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಟಿಪ್ಪಣ್ಣಾ! ಟಂಟಂ ತೆಗಿ!"

ಪಕ್ಕದ ಮನೆಯ ಟಿಪ್ಪುಸಾಬ ಅಳವಂಡಿಯಿಂದ ಕೊಪ್ಪಳಕ್ಕೆ ಟಂಟಂ ಆಟೋ ಹೊಡೆಯುವವನು. ಆಗಷ್ಟೇ ಊಟಕ್ಕೆ ಕೂತಿದ್ದ, ಎಂಜಲು ಕೈಯಲ್ಲೇ ಓಡಿ ಬಂದ. ಕಸ್ತೂರೆಮ್ಮನ ಮುಖ ನೋಡಿ, "ಯಾ ಅಲ್ಲಾ, ಕೊಪ್ಪಳ ದವಾಖಾನಿಗೆ ಹೋಗೂಣೇನ್ರಿ ಅಕ್ಕಾರ?" ಎಂದ.

"ಅಲ್ಲಿ ಮುಟ್ಟೂತನಕ ತಡಿಯೂದಿಲ್ಲ. ಸಾಲಿ ಬಯಲಿಗೆ ನಡಿ."

"ಸನ್ಮಾನಕ್ಕ?"

"ಕರೆಂಟ್ ಅಲ್ಲೇ ಐತಿ."

ಇಬ್ಬರೂ ಮುದುಕಿಯನ್ನು ಎತ್ತಿ ಕೂರಿಸಿದರು. ಮಷಿನ್ನನ್ನು ಕಾಲ ಬಳಿ ಇಟ್ಟರು. ಯಂಕವ್ವ ಅತ್ತೆಯನ್ನು ಎದೆಗೆ ಆನಿಸಿಕೊಂಡು ಬೆನ್ನು ಸವರುತ್ತ, "ಸಾಯಬ್ಯಾಡ ಅತ್ತಿ, ಇವತ್ತ ಮಾತ್ರ ಸಾಯಬ್ಯಾಡ, ಆ ಮಂದಿಗೆ ಇನ್ನೊಂದು ಪ್ರೋಗ್ರಾಮ್ ಸಿಗತೈತಿ," ಎಂದಳು. ಹೇಳುವಾಗ ಅಳು ಬರುತ್ತಿತ್ತು.

ಬಯಲಿನಲ್ಲಿ ಬೆಳಕೋ ಬೆಳಕು. ಸ್ಟೇಜಿನ ಮಗ್ಗುಲಲ್ಲಿ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಡಿಕ್ಕಿ ತೆರೆದಿತ್ತು, ಇಲಿಯಾಸನ ಪೆಟ್ಟಿಗೆಯಿಂದ ದೀಪಕ್ಕೂ ಮೈಕಿಗೂ ವೈರುಗಳು ಹೋಗಿದ್ದವು. ಸ್ಟೇಜಿನ ಮೇಲೆ ಕಸ್ತೂರೆಮ್ಮನ ಆಳೆತ್ತರದ ಫೋಟೋ. ವೆಂಕೋಬ ಹುರುಪಿನಲ್ಲಿ ಅದಕ್ಕೂ ದಪ್ಪ ಹಾರ ಹಾಕಿ, ಮುಂದೆ ಎರಡು ಊದುಬತ್ತಿ ಹಚ್ಚಿಟ್ಟಿದ್ದ. ಬದುಕಿರುವವರ ಫೋಟೋಕ್ಕೆ ಹಾರ ಹಾಕುವ ಪದ್ಧತಿ ನಮ್ಮ ಕಡೆ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು, ಸಾಂಸ್ಕೃತಿಕ ವೇದಿಕೆಗೆ ಮಾತ್ರ ಗೊತ್ತಿರಲಿಲ್ಲ.

ಟಂಟಂನಿಂದ ಇಳಿದ ಯಂಕವ್ವನನ್ನು ಕಂಡು ಹಿಂದೆ ಕೂತ ಹೆಂಗಸೊಬ್ಬಳು ಲೊಚಗುಟ್ಟಿದಳು. "ಅಯ್ಯ ಯಂಕಕ್ಕ, ಮುದುಕಿ ಯಾವಾಗ ಹೋತವ್ವ? ನಮಗ ಗೊತ್ತ ಆಗ್ಲಿಲ್ಲಲ್ಲ."

ಯಂಕವ್ವ ಜನರನ್ನು ಸರಿಸುತ್ತ ಮುಂದೆ ನಡೆದಳು. ಟಿಪ್ಪುಸಾಬ ಟಂಟಂ ಅನ್ನು ಜನರ ನಡುವೆಯೇ ನುಗ್ಗಿಸಿ ಕಾರಿನ ಹಿಂಬದಿಗೆ ತಂದು ನಿಲ್ಲಿಸಿದ. ಸ್ಟೇಜಿನ ಮೇಲೆ ಪೇಟ, ಶಾಲು, ಕೊರಳ ತುಂಬ ಹಾರ ಹಾಕಿಕೊಂಡ ಗೋವಿಂದರಾಜ ಕಣ್ಣು ಮುಚ್ಚಿ ಮಾತಾಡುತ್ತಿದ್ದ. ಭಾವ ಉಕ್ಕಿದಾಗ ಕಣ್ಣು ಮುಚ್ಚುವುದು ಅವನ ರೂಢಿ.

"ಒಂದು ಕ್ಷಣವೂ, ಬಂಧುಗಳೇ, ಒಂದೇ ಒಂದು ಕ್ಷಣವೂ ನಾನು ನನ್ನ ತಾಯಿಯನ್ನು..."

ಯಂಕವ್ವ ಮೈಕಿನ ಪ್ಲಗ್ ಕಿತ್ತಳು. ಆ ತೂತಿಗೆ ಮಷಿನ್ನಿನ ಪ್ಲಗ್ ಹಾಕಿ ಸ್ವಿಚ್ ಒತ್ತಿದಳು.

ಗೋವಿಂದರಾಜನ ತುಟಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು, ಮಾತು ಮಾತ್ರ ಕೇಳಿಸಲಿಲ್ಲ. ಅದರ ಬದಲು ಬಯಲಿನ ತುಂಬ ಗುಂಯ್ ಎಂಬ ಸದ್ದು ಕೇಳತೊಡಗಿತು. ಜನ ಎದ್ದು ನಿಂತರು. ಟಂಟಂನ ಸೀಟಿನಲ್ಲಿ ಕಸ್ತೂರೆಮ್ಮ ಕೂತಿದ್ದಳು, ಮೂಗಿಗೆ ನಳಿಗೆ ಹಿಡಿದು ಯಂಕವ್ವ ನಿಂತಿದ್ದಳು. ಮುದುಕಿಯ ಎದೆ ಏರುತ್ತಿತ್ತು, ಇಳಿಯುತ್ತಿತ್ತು. ನೀಲಿಗಟ್ಟಿದ ತುಟಿಗೆ ನಿಧಾನವಾಗಿ ಬಣ್ಣ ಬಂತು.

ಮೊದಲು ಎಚ್ಚೆತ್ತವನು ವೆಂಕೋಬ. "ಅಮ್ಮಾರೇ ಬಂದ್ರು! ಫೋಟೋದವ್ರು ಎಲ್ಲಿ? ಮಾಸ್ತರ, ಲಗೂನ ಇಳೀರಿ, ಪಾದ ಮುಟ್ರಿ, ಹಿಂದ ಕಾರು ಕಾಣಬೇಕು!"

ಗೋವಿಂದರಾಜ ಪೇಟ ಹಿಡಿದುಕೊಂಡು ಇಳಿದು ಬಂದ. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಬಾಗಿ ತಾಯಿಯ ಪಾದಕ್ಕೆ ಕೈ ಚಾಚಿದ. ಕಸ್ತೂರೆಮ್ಮ ಪಾದ ಹಿಂದಕ್ಕೆ ಎಳೆದುಕೊಂಡಳು. ಮಗನನ್ನಲ್ಲ, ಅವನ ಹಿಂದೆ ಸ್ಟೇಜಿನ ಮೇಲಿದ್ದ ತನ್ನ ಮುಖವನ್ನೂ ಊದುಬತ್ತಿಯ ಹೊಗೆಯನ್ನೂ ನೋಡುತ್ತಿದ್ದಳು. ಕೂಡಿಟ್ಟ ಉಸಿರನ್ನೆಲ್ಲ ಸೇರಿಸಿ ಹೇಳಿದಳು.

"ಗೋವಿಂದ, ಮೊದಲ ಆ ಹಾರ ತೆಗಿ. ನಾ ಇನ್ನಾ ಅದೀನಿ."

ಯಾರೋ ನಕ್ಕರು. ಆಮೇಲೆ ಬಯಲಿಗೆ ಬಯಲೇ ನಕ್ಕಿತು. ಕರೆಂಟ್ ಬಂದದ್ದು ಕೂಡ ಆಗಲೇ, ಆದರೆ ಮೈಕಿನ ಪ್ಲಗ್ ಹಾಕಲು ಯಾರೂ ಮುಂದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಯಂಕವ್ವ ಟಿಪ್ಪುಸಾಬನನ್ನು ಕರೆದು ಜಾಕ್ ತರಿಸಿದಳು. ಗೋವಿಂದರಾಜ ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾರು ನಾಲ್ಕು ಕಡೆ ಸೈಜುಗಲ್ಲಿನ ಮೇಲೆ ಕೂತಿತ್ತು. ಗಾಲಿಗಳನ್ನು ದನದ ಕೊಟ್ಟಿಗೆಯ ತಗಡಿನ ಮೇಲೆ, ಗಾಳಿಗೆ ತಗಡು ಹಾರದಂತೆ, ಇಡಿಸಿದ್ದಳು.

"ಏನಿದು?"

"ಮನ್ಯಾಗಿನ ಕರೆಂಟಿಗೆ ಗಾಲಿ ಯಾಕ ಬೇಕ್ರಿ?" ಎಂದು ಯಂಕವ್ವ ಕಿಟಕಿಯ ವೈರನ್ನು ಮತ್ತೆ ಸಿಕ್ಕಿಸಿದಳು. ಅವನು ಬಾಯಿ ತೆರೆದ, ಓಣಿಯವರು ನಿಂತು ನೋಡುತ್ತಿದ್ದುದನ್ನು ಕಂಡು ಮುಚ್ಚಿದ. ಅದೇ ವಾರ ಸಿಲಿಂಡರೂ ಮೂಲೆಗೆ ವಾಪಸು ಬಂತು. ಸನ್ಮಾನದಲ್ಲಿ ಕೊಟ್ಟ ಆದರ್ಶ ಪುತ್ರ ಫಲಕವನ್ನು ಯಂಕವ್ವ ಸಿಲಿಂಡರ್ ಉರುಳದಂತೆ ಅದರ ಬುಡಕ್ಕೆ ಒತ್ತಿಟ್ಟಳು.

ಈಗ ಕೆಲವು ಸಂಜೆ ಗೋವಿಂದರಾಜ ಆ ಗಾಲಿಯಿಲ್ಲದ ಕಾರಿನೊಳಗೆ ಹೋಗಿ ಸ್ಟಿಯರಿಂಗ್ ಹಿಡಿದು ಕೂರುತ್ತಾನೆ. ಒಳಗಿನ ಸಣ್ಣ ದೀಪ ಹಚ್ಚಿಕೊಂಡು ಪೇಪರ್ ಓದುತ್ತಾನೆ. ದಾರಿಯಲ್ಲಿ ಹೋಗುವವರು ನಮಸ್ಕಾರ ಮಾಡಿ, ಎಲ್ಲಿಗೆ ಹೊಂಟೀರಿ ಮಾಸ್ತರ, ಎಂದು ಕೇಳಿ ಹೋಗುತ್ತಾರೆ. ಕರೆಂಟ್ ಇದ್ದರೆ ಮನೆಯವರು ಸುಮ್ಮನಿರುತ್ತಾರೆ. ಹೋದರೆ ಮಾತ್ರ ಕಿಟಕಿಯ ಒಳಗಿನಿಂದ ಮುದುಕಿಯ ದನಿ ಬರುತ್ತದೆ.

"ಗೋವಿಂದ, ಆ ದೀಪ ಆರ್ಸಪ. ನನ್ನ ಉಸಿರು ಖರ್ಚಾಗಾಕ ಹತ್ತೈತಿ."

ಅವನು ದೀಪ ಆರಿಸಿ ಕತ್ತಲಲ್ಲೇ ಕೂರುತ್ತಾನೆ.