ಹೆಸ್ಟರ್ ಇಳಿದ ಮೆಟ್ಟಿಲು

"ಎಡಕ್ಕೆ! ನಿನ್ನ ಎಡ ಅಲ್ವೋ, ನನ್ನ ಎಡ!" ಎಂದು ಗಫ್ ಕೂಗಿದ. ಅಟ್ಟದಿಂದ ಮೊದಲ ಮಹಡಿಯವರೆಗೆ ನೇರವಾಗಿ ಇಳಿದಿದ್ದ ಶವಪೆಟ್ಟಿಗೆ, ಅಲ್ಲಿಂದ ಕೆಳಗೆ ಹಿಂದಿನ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗಿ ಸುಣ್ಣ ಉದುರಿಸಿತು. ಮತ್ತೆ ಅಲುಗಲಿಲ್ಲ.

ಅಡುಗೆಯ ವಿನಿಫ್ರೆಡ್ ಪ್ರಾಸರ್ ಕೆಳಗೆ ನಿಂತು ಸುಣ್ಣದ ಚೂರುಗಳನ್ನೇ ನೋಡುತ್ತಿದ್ದಳು. ಇದನ್ನು ಹೆಸ್ಟರ್ ಗುಡಿಸುತ್ತಾಳೆ ಅಂದುಕೊಂಡಳು. ಪೆಟ್ಟಿಗೆಯೊಳಗಿದ್ದವಳೇ ಹೆಸ್ಟರ್. ಅದು ಗೊತ್ತಿದ್ದೂ ಅಳು ಬರಲಿಲ್ಲ. ಬೆಳಗಿನಿಂದ ಏನೂ ಬಂದಿರಲಿಲ್ಲ.

"ನಿನ್ನೆ ಇದೇ ದಾರೀಲಿ ಮೇಲಕ್ಕೆ ಹೋಯ್ತಲ್ಲ?"

"ನಿನ್ನೆ ಖಾಲಿ ಇತ್ತು, ಮಿಸೆಸ್ ಪ್ರಾಸರ್. ನೆಟ್ಟಗೆ ನಿಲ್ಲಿಸ್ಕೊಂಡು ಹೊತ್ವಿ." ಗಫ್ ಊರಿನ ಬಡಗಿ. ಪೆಟ್ಟಿಗೆ ಮಾಡುವವನೂ ಅವನೇ, ಮಣ್ಣಿಗೆ ಒಯ್ಯುವವನೂ ಅವನೇ. "ತಪ್ಪು ನಂದೇ, ತಿರುವು ಅಳೀಬೇಕಿತ್ತು. ಈಗ್ಲೂ ಒಂದು ದಾರಿ ಐತೆ. ಅವಳನ್ನ ನಿಲ್ಲಿಸಿ ಇಳಿಸೋದು."

"ನಿಲ್ಲಿಸೋದಾ?"

"ಕಾಲು ಕೆಳಗೆ ಮಾಡಿ. ಅವಳಿಗೇನು ಗೊತ್ತಾಗ್ತದೆ?"

"ಸುಣ್ಣ ಉದುರಿಸಿದ್ದು ಗೊತ್ತಾಗಿದ್ರೆ ಪೊರಕೇಲಿ ಬಡೀತಿದ್ಲು," ಎಂದ ಹೆಗಲು ಕೊಟ್ಟಿದ್ದವನೊಬ್ಬ. ಯಾರೋ ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು.

*

ಹೆಸ್ಟರ್, ವಿನಿಫ್ರೆಡ್ ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಗಾಡಿಯಲ್ಲಿ ಈ ಮನೆಗೆ ಕೆಲಸಕ್ಕೆ ಬಂದಿದ್ದರು. ಮೇಲ್ವಿಚಾರಕಿ ಮೊದಲು ತೋರಿಸಿದ್ದೇ ಮೆಟ್ಟಿಲುಗಳನ್ನು. ನಡುಮನೆಯಲ್ಲಿ ಗಾಜಿನ ಗುಮ್ಮಟದ ಕೆಳಗೆ, ಒಂದು ತುದಿ ಮಾತ್ರ ಗೋಡೆಯಲ್ಲಿ ಹುಗಿದ ಕಲ್ಲುಗಳು ಅಡಿಯಲ್ಲಿ ಕಂಬವೇ ಇಲ್ಲದೆ ಬಳುಕಿಕೊಂಡು ಮೇಲೇರಿದ್ದವು. "ಅದು ಮನೆಯವರಿಗೆ," ಎಂದು ಆಕೆ ಹಸಿರು ಬಟ್ಟೆ ಹೊದಿಸಿದ ಬಾಗಿಲು ತೆರೆದು, ಕತ್ತಲಲ್ಲಿ ಸುತ್ತಿಕೊಂಡಿದ್ದ ಮರದ ಮೆಟ್ಟಿಲು ತೋರಿಸಿದಳು. "ಇದು ನಿಮಗೆ."

ಮನೆಯ ಮುಖ ಅಂದಗೆಡಬಾರದೆಂದು ಕಟ್ಟಿದವರು ಅಟ್ಟದ ಕೋಣೆಗಳ ಮುಂದೆ ಎತ್ತರದ ಕೈಗೋಡೆ ಎಬ್ಬಿಸಿದ್ದರು. ಕಿಟಕಿಯಿಂದ ಕಾಣುತ್ತಿದ್ದುದು ಆ ಗೋಡೆಯ ಬೆನ್ನು, ಮೇಲೊಂದು ಪಟ್ಟಿ ಆಕಾಶ. ಹೆಸ್ಟರ್ ಹೊರಗೆ ಕತ್ತು ಹಾಕಿ ನಕ್ಕಿದ್ದಳು. "ಕೆಳಗಿಂದ ನೋಡಿದ್ರೆ ನಾವು ಇಲ್ವೇ ಇಲ್ಲ ಕಣೇ ವಿನ್ನಿ. ಒಳ್ಳೇದೇ ಆಯ್ತು, ಬಾಯಿಬಿಟ್ಟು ಹಾಡ್ಬಹುದು."

ಆಮೇಲೆ ವರ್ಷಗಟ್ಟಲೆ ಇದ್ದಿಲ ಬಕೆಟ್ಟು, ಬಿಸಿನೀರಿನ ಹೂಜಿ, ಅದೇ ಮರದ ಮೆಟ್ಟಿಲು. ಅವಳ ಕಾಲುಗಳು ಹುದುಗಿದ ಹಿಟ್ಟಿನ ಹಾಗೆ ಉಬ್ಬಿದವು. ಸಂಜೆ ವಿನಿಫ್ರೆಡ್ ಬೋಗುಣಿಯಲ್ಲಿ ಬಿಸಿನೀರಿಟ್ಟು ಕರೆದರೂ ಕೂರುತ್ತಿರಲಿಲ್ಲ. ಮೊದಲು ವಿನಿಫ್ರೆಡ್‌ಳ ಶಾಲು ತಂದು ಒಲೆಯ ಮುಂದೆ ಹಿಡಿದು ಬಿಸಿ ಮಾಡಬೇಕು. "ನಾನು ಕೂತ್ರೆ ಮತ್ತೆ ಏಳಲ್ಲ ಕಣೇ," ಅನ್ನುತ್ತಿದ್ದಳು.

*

"ಬೇಡ," ಎಂದಳು ವಿನಿಫ್ರೆಡ್. "ಬದುಕಿದ್ದಷ್ಟು ದಿನ ನಿಂತೇ ಇದ್ಲು. ಇವತ್ತಾದ್ರೂ ಮಲಗಿರ್ಲಿ."

"ಹಾಗಾದ್ರೆ ಉಳಿಯೋದು ಆ ಕಡೆ ಮೆಟ್ಟಿಲು." ಗಫ್ ದನಿ ತಗ್ಗಿಸಿದ. "ಅಮ್ಮಾವ್ರನ್ನ ಹೋಗಿ ಕೇಳೋರು ಯಾರು?"

ಮನೆತನದಲ್ಲಿ ಉಳಿದಿದ್ದವಳು ಮಿಸ್ ಲವಿನಿಯಾ ಒಬ್ಬಳೇ. ಟೋಪಿ, ಕೈಗವಸು ತೊಟ್ಟು, ಬೆಂಕಿಯಿಲ್ಲದ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಳು.

"ಹೊರಟಾಯ್ತಾ, ಪ್ರಾಸರ್?"

"ಹಿಂದಿನ ತಿರುವಿನಲ್ಲಿ ಹಿಡೀತಾ ಇಲ್ಲ, ಮಿಸ್ ಲವಿನಿಯಾ. ಅವಳನ್ನ ನಿಲ್ಲಿಸಿ ಇಳಿಸ್ತಾರಂತೆ. ಕಾಲು ಕೆಳಗೆ ಮಾಡಿ..." ಮುಂದೆ ಕೇಳಬೇಕಾದ್ದು ಬಾಯಿಗೆ ಬರಲಿಲ್ಲ.

ಮಿಸ್ ಲವಿನಿಯಾ ಕುರ್ಚಿಯ ತೋಳು ಹಿಡಿದು ಎದ್ದಳು. "ಅಪ್ಪನ್ನ ಮುಂದಿನ ಮೆಟ್ಟಿಲಲ್ಲೇ ಇಳಿಸಿದ್ದು," ಎಂದಳು. "ಅಮ್ಮನ್ನೂ ಅಷ್ಟೆ. ಅಲ್ಲಿ ತಿರುವು ಅಗಲ ಇದೆ. ಗಫ್‌ಗೆ ಹೇಳು, ನಿಧಾನವಾಗಿ ಬರ್ಲಿ."

ಹೆಸ್ಟರ್ ಮಲಗಿಕೊಂಡೇ ಇಳಿದಳು. ಗುಮ್ಮಟದ ಬೆಳಕು ಪೆಟ್ಟಿಗೆಯ ಮೇಲೆ ಮೆಟ್ಟಿಲಿಂದ ಮೆಟ್ಟಿಲಿಗೆ ಜಾರಿತು. ಹಿಂದೆ ಬಂದ ವಿನಿಫ್ರೆಡ್‌ಗೆ ಮನೆಯವರ ಆ ಮೆಟ್ಟಿಲಲ್ಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೆಳಗೆ ದೊಡ್ಡ ಬಾಗಿಲು ಮುಚ್ಚಿತ್ತು. ಯುದ್ಧ ಶುರುವಾದಾಗಿನಿಂದ ಅದನ್ನು ತೆರೆದವರಿಲ್ಲ. ಚಳಿ ನುಗ್ಗುತ್ತದೆಂದು ಮಿಸ್ ಲವಿನಿಯಾಳೂ ಪಕ್ಕದ ಬಾಗಿಲಲ್ಲೇ ಓಡಾಡುತ್ತಿದ್ದಳು. ಹೊತ್ತವರ ಕೈ ಖಾಲಿಯಿರಲಿಲ್ಲ. ವಿನಿಫ್ರೆಡ್ ಮೇಲಿನ ಅಗುಳಿ ಎಳೆದಳು. ಕೆಳಗಿನದಕ್ಕೆ ಬಗ್ಗಲು ಅವಳ ಮಂಡಿ ಕೇಳಲಿಲ್ಲ.

ಮಿಸ್ ಲವಿನಿಯಾ ಕೈಗವಸು ಬಿಚ್ಚಿ ವಿನಿಫ್ರೆಡ್‌ಳ ಕೈಗೆ ಕೊಟ್ಟಳು. ಆಮೇಲೆ ಕಲ್ಲುನೆಲದ ಮೇಲೆ ಮಂಡಿಯೂರಿ, ತುಕ್ಕು ಹಿಡಿದ ಅಗುಳಿಯನ್ನು ಎರಡೂ ಕೈಯಿಂದ ಎಳೆಯತೊಡಗಿದಳು. ಅವಳ ಬೂಟಿನ ಸವೆದ ಅಟ್ಟೆಯ ತೂತಿನಲ್ಲಿ, ಒಳಗೆ ಮಡಿಸಿಟ್ಟ ರಟ್ಟು ಕಾಣುತ್ತಿತ್ತು. ಹೆಗಲ ಮೇಲೆ ಭಾರ ಹೊತ್ತ ಗಂಡಸರು ಬೇರೆಲ್ಲೋ ನೋಡುತ್ತ ಕಾದು ನಿಂತರು.