ಅಂಗಿಯ ಅಂಚಿನ ಹೆಸರು

"ಅಮ್ಮಾ, ಇದನ್ನ ಬಿಚ್ಚೋದು ಬೇಡ. ಹಾಗೇ ಇರಲಿ," ಎಂದು ಮಗಳು ಪುಟ್ಟ ಬಿಳಿ ಅಂಗಿಯೊಂದನ್ನು ಕಸೂತಿಯಮ್ಮನ ಮಡಿಲಿಗೆ ಹಾಕಿದಳು. ಸೂಜಿಗೆ ದಾರ ಪೋಣಿಸುತ್ತಿದ್ದ ಕಸೂತಿಯಮ್ಮನ ಕೈ ಅಲ್ಲೇ ನಿಂತಿತು.

ಹೇಳಿಕೇಳಿ ಕಸೂತಿಯೇ ಅವಳ ಕಸುಬು. ಊರಿನ ಅರ್ಧ ಮದುಮಕ್ಕಳ ಬಟ್ಟೆಗೆ ಹೂ ಬಿಡಿಸಿದವಳು ಅವಳೇ. ಆಮೇಲೆ ಅವರ ಮಕ್ಕಳ ದೀಕ್ಷಾಸ್ನಾನದ ಅಂಗಿಗೆ ಹೆಸರು ಹೊಲಿದವಳೂ ಅವಳೇ. ಮನೆಗೆ ಒಂದೇ ಅಂಗಿ ಎಂಬುದು ಅವಳ ಗಿರಾಕಿಗಳ ರೂಢಿ. ಇನ್ನೊಂದು ಮಗು ಹುಟ್ಟಿದರೆ ಅಂಚಿನಲ್ಲಿರುವ ಹಳೆಯ ಹೆಸರು ಬಿಚ್ಚಿ, ಅದೇ ಜಾಗದಲ್ಲಿ ಹೊಸದನ್ನು ಹೊಲಿಯಬೇಕು. ಬಿಚ್ಚಿದ ಮೇಲೆ ಸೂಜಿಯ ತೂತುಗಳು ಉಳಿಯುತ್ತವೆ, ನಿಜ. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಸಲ ಅದ್ದಿ ಹಿಂಡಿದರೆ ಅವೂ ಮುಚ್ಚಿಕೊಳ್ಳುತ್ತವೆ. ಹೀಗೆ ಊರವರ ಮಕ್ಕಳ ಹೆಸರುಗಳನ್ನು ಹಾಡು ಗುನುಗುತ್ತಾ ಬಿಚ್ಚಿ ಬಿಸಾಡಿದವಳು ಅವಳು.

ಆದರೆ ಈ ಅಂಚಿನಲ್ಲಿದ್ದದ್ದು 'ಗುಬ್ಬಿ' ಎಂಬ ಹೆಸರು. ಅವಳ ಮೊದಲ ಮೊಮ್ಮಗ. ಗುಬ್ಬಿಮರಿಯ ಹಾಗೆ ಸದಾ ಬಾಯಿ ತೆರೆದುಕೊಂಡೇ ಇರುತ್ತಿದ್ದ ಅವನಿಗೆ ಅಜ್ಜಿಯೇ ಇಟ್ಟ ಹೆಸರು. ದೊಡ್ಡ ಹೆಸರು ಏನಿದ್ದರೂ ಚರ್ಚಿನ ಪುಸ್ತಕಕ್ಕಿರಲಿ, ಅಂಗಿಗೆ ಮಾತ್ರ ಕರೆಯುವ ಹೆಸರೇ ಬೇಕು ಎಂದು ಹಟ ಹಿಡಿದು ಹೊಲಿದಿದ್ದಳು. ಮಾತು ಕಲಿಯುವ ವಯಸ್ಸಿಗೆ ಬರಬಾರದ ಜ್ವರ ಬಂದು ಹೋಗಿಬಿಟ್ಟ. ಅಲ್ಲ, ಇದು ಯಾವ ನ್ಯಾಯ? ಮಣ್ಣು ಕೊಟ್ಟು ಬಂದ ದಿನದಿಂದ ಮಗಳು ಒಂದು ಹನಿ ಕಣ್ಣೀರು ಹಾಕಿದವಳಲ್ಲ, ಆ ಹೆಸರನ್ನು ಬಾಯಿಗೆ ತಂದವಳೂ ಅಲ್ಲ. ಮನೆಯಲ್ಲಿ ಉಳಿದವರೂ ಅವಳ ಮುಖ ನೋಡಿ ಬಾಯಿ ಹೊಲಿದುಕೊಂಡಿದ್ದರು.

ಈಗ ಎರಡನೆಯದೂ ಗಂಡು ಮಗು. ಹೆರಿಗೆಯಾದ ಮರುದಿನವೇ ಮಗಳು ಅದನ್ನು ಎದೆಗವಚಿಕೊಂಡು, "ಬಂದ್ಯೇನೋ ಗುಬ್ಬೀ" ಎಂದಿದ್ದಳು. ಕೇಳಿದ ಕಸೂತಿಯಮ್ಮನಿಗೆ ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಸುಳ್ಳೇಕೆ, ಸಂತೋಷವೂ ಆಗಿತ್ತು.

"ಅತ್ತೆ, ನೀವಾದರೂ ಒಂದು ಮಾತು ಹೇಳಿ," ಎಂದ ಅಳಿಯ. ಬೀಗ ರಿಪೇರಿಯವನು, ಊರಿನ ಯಾವ ಬೀಗವನ್ನಾದರೂ ಬಿಚ್ಚುತ್ತಾನೆ, ಹೆಂಡತಿಯ ಬಾಯಿ ಬಿಡಿಸಲು ಮಾತ್ರ ಅವನ ಕೈಲಿ ಆಗುವುದಿಲ್ಲ. "ದೊಡ್ಡವನ ಟೋಪಿ ಇವನಿಗೆ, ದೊಡ್ಡವನ ತೊಟ್ಟಿಲು ಇವನಿಗೆ. ಆಗಲಿ. ಹೆಸರೂ ಅದೇ ಅಂದರೆ? ಮಗು ನಿದ್ದೇಲಿ ನಕ್ಕರೆ 'ನೋಡ್ರೀ, ಮುಂಚೆನೂ ಹೀಗೇ ನಗ್ತಿದ್ದ' ಅಂತಾಳೆ. ನಾನು ಎದ್ದು ಹೊರಗೆ ಹೋಗಿಬಿಡ್ತೀನಿ."

"ನಾನೇನು ಹೇಳಲಿ ಅಳಿಯಂದ್ರೇ," ಎಂದಳು ಕಸೂತಿಯಮ್ಮ. ಅವಳು ಹೇಳುವವಳಲ್ಲ. ಅವಳಿಗೂ ಬೇಕಾಗಿದ್ದದ್ದು ಗುಬ್ಬಿಯೇ.

ಅಳಿಯ ಸುಮ್ಮನೆ ಕೂರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಚರ್ಚಿನ ಅಯ್ಯನವರು ಕೊಡೆ ಊರಿಕೊಂಡು ಬಂದರು. ಪೀಠದ ಹಾಸುಬಟ್ಟೆ ರಿಪೇರಿ ಆಯಿತೇನೋ ನೋಡಿಕೊಂಡು ಹೋಗೋಣವೆಂದು ಬಂದರಂತೆ. ಆಗಿಲ್ಲವೆಂದು ಅವರಿಗೂ ಗೊತ್ತು, ಇವಳಿಗೂ ಗೊತ್ತು. ಕಾಫಿ ಕುಡಿದು, ಬಟ್ಟೆಯ ವಿಷಯ ಬಿಟ್ಟು ಉಳಿದದ್ದೆಲ್ಲ ಮಾತಾಡಿ, ಕೊನೆಗೆ ಮಗಳ ಕಡೆ ತಿರುಗಿದರು.

"ಭಾನುವಾರಕ್ಕೆ ಹೆಸರು ಏನಮ್ಮಾ? ನನ್ನ ಕೇಳಿದರೆ ಸೇತ ಅಂತ ಇಡು. ಲೋಕದ ಮೊದಲ ತಾಯಿ ಹವ್ವಳ ಮೂರನೇ ಮಗ. ಮೊದಲನೇ ಮಗ ಕಾಯಿನ ತನ್ನ ತಮ್ಮನನ್ನ ಹೊಲದಲ್ಲಿ ಕೊಂದ. ಸತ್ತವನ ಹೆಸರು ಹೇಬೆಲ. ಇಬ್ರಿಯ ಮಾತಲ್ಲಿ ಹಾಗಂದರೆ ಉಸಿರು, ಆವಿ. ಬಂದಷ್ಟೇ ಬೇಗ ಹೋಯಿತು ನೋಡು. ಆಮೇಲೆ ಹುಟ್ಟಿದವನಿಗೆ ತಾಯಿ ಸೇತ ಅಂತ ಕರೆದಳು. ಹಾಗಂದರೆ ಇಟ್ಟವನು, ನೇಮಿಸಿ ಕೊಟ್ಟವನು ಅಂತ. ಹೇಬೆಲನ ಬದಲಿಗೆ ದೇವರು ನನಗೆ ಇನ್ನೊಬ್ಬನನ್ನು ಕೊಟ್ಟ ಅಂದಳಂತೆ. ಮುಂದೆ ಜಲಪ್ರಳಯದಲ್ಲಿ ಉಳಿದ ನೋಹನವರೆಗೂ ವಂಶ ಇಳಿದದ್ದು ಆ ಸೇತನಿಂದಲೇ."

"ಬದಲಿಗೆ ಅಂದಳಲ್ವಾ?" ಮಗಳು ಥಟ್ಟನೆ ಹಿಡಿದುಕೊಂಡಳು. "ನಾನೂ ಅದನ್ನೇ ಹೇಳ್ತಿರೋದು ಅಯ್ಯನವರೇ. ಹೋದವನ ಬದಲಿಗೆ ಬಂದವನು. ಅಂದಮೇಲೆ ಅವನ ಹೆಸರು ಇವನದ್ದೇ."

ಜೀವಮಾನವಿಡೀ ಉಪದೇಶ ಮಾಡಿದ ಅಯ್ಯನವರು ಪಾಪ ಕಕ್ಕಾಬಿಕ್ಕಿಯಾಗಿ, ಬರುತ್ತೇನಮ್ಮಾ ಎಂದು ಕೊಡೆ ಎತ್ತಿಕೊಂಡು ಹೊರಟೇಬಿಟ್ಟರು. ಮಗಳು ಗಂಡನ ಮೇಲೆ ಹರಿಹಾಯ್ದಳು. "ಊರವರನ್ನೆಲ್ಲ ಕರೆಸಿ ಬುದ್ಧಿ ಹೇಳಿಸಿ ನನಗೆ!" ತಾಯಿಯನ್ನೂ ಬಿಡಲಿಲ್ಲ: "ನೀನೂ ಅವರ ಕಡೆನೇ ತಾನೆ? ಹೋಗು, ಬಿಚ್ಚಿಹಾಕು!" ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಸೂತಿಯಮ್ಮ ಕಿಟಕಿಯ ಬಳಿ ಕೂತು ಅಂಗಿಯನ್ನು ತಿರುವಿ ಹಾಕಿದಳು. ಬಿಚ್ಚುವುದು ಯಾವಾಗಲೂ ಹಿಂಬದಿಯಿಂದ, ಗಂಟಿನಿಂದ. ಸಿಟ್ಟಿನಲ್ಲೇ ಆಗಲಿ, ಮಗಳೇ ಬಿಚ್ಚು ಎಂದಾಯಿತಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಕತ್ತರಿಯ ಮೊನೆ ಹಾಕಿದಳು. ಎಳೆ ಎಳೆಯಾಗಿ 'ಗುಬ್ಬಿ' ಕಳಚಿ ಮಡಿಲಿಗೆ ಬಿತ್ತು. ನೀರಿಗೆ ಅದ್ದಿದರೆ ತೂತುಗಳೂ ಹೋಗಿಬಿಡುತ್ತವೆ ಎಂದು ಅದ್ದಲಿಲ್ಲ. ಹಾಗೇ ಹೊಸ ದಾರ ಪೋಣಿಸಿ 'ಸೇತ' ಎಂದು ಹೊಲಿಯಲು ಕೂತಳು. ಕಣ್ಣು ಮಂಜಾಗಿತ್ತು, ಕೈಗೆ ಅಭ್ಯಾಸವಿತ್ತು, ಹೊಲಿಯುತ್ತಾ ಹೋದಳು. ಮುಗಿಸಿ ಬೆಳಕಿಗೆ ಹಿಡಿದು ನೋಡುತ್ತಾಳೆ: 'ಗುಬ್ಬಿ'!

ಸೂಜಿ ಹಳೆಯ ತೂತುಗಳನ್ನೇ ಹುಡುಕಿಕೊಂಡು ಹೋಗಿತ್ತು. ಕಲಿಯುವವಳೂ ಮಾಡದ ತಪ್ಪು. ಕಸೂತಿಯಮ್ಮನಿಗೆ ಮೊದಲು ನಗು ಬಂತು. ಆಮೇಲೆ ಬಂದ ಅಳುವನ್ನು ಅವಳಿಂದ ತಡೆಯಲಾಗಲಿಲ್ಲ. ಅಂಗಿಗೆ ಮುಖ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಸದ್ದು ಕೇಳಿ ಮಗಳು ಓಡಿಬಂದಳು. "ಏನಮ್ಮಾ? ಏನಾಯ್ತು?"

"ನನಗೂ ಅವನೇ ಬೇಕು ಕಣೇ," ಎಂದಳು ತಾಯಿ. "ಬಿಚ್ಚಿದೆ. ಕೈ ಮತ್ತೆ ಅದನ್ನೇ ಹೊಲಿದುಬಿಡ್ತು. ಬಾಗಿಲು ಸದ್ದಾದರೆ ಈಗಲೂ ಅವನೇ ಬಂದ ಅನಿಸುತ್ತೆ ನನಗೆ. ದಿನಾ ಅನಿಸುತ್ತೆ. ನಿನ್ನ ಹತ್ರ ಹೇಗೆ ಹೇಳಲಿ?"

ಮಗಳು ಅಂಗಿ ತೆಗೆದುಕೊಂಡು ಅಂಚನ್ನು ಸವರಿದಳು. "ಹಾಗಿದ್ರೆ ಇದೇ ಇರಲಿ ಬಿಡಮ್ಮ. ಅವನೇ ಬಂದಿದ್ದಾನೆ ಅಂದ್ಕೊಳ್ಳೋಣ."

ಹೂಂ ಎನ್ನಲು ಕಸೂತಿಯಮ್ಮನಿಗೆ ಬಲು ಆಸೆಯಾಯಿತು. ಆದರೆ ಒಳಗಿನಿಂದ ಮಗುವಿನ ಕೂಗು ಕೇಳಿತು. ಗುಬ್ಬಿಯದ್ದು ಕೀಚಲು ದನಿ. ಇವನದ್ದು ಒಳ್ಳೇ ಗಡಸು ಗಂಟಲು. ಅವನಲ್ಲ ಇವನು. ಅಜ್ಜಿಯ ಕಿವಿಗೆ ತಿಳಿಯದೇ ಇರುತ್ತದೆಯೇ?

"ಮಗಳೇ, ಆ ಹವ್ವಳಿಗೆ ಹೇಳಿಕೊಡೋಕೆ ಅಮ್ಮ ಇರಲಿಲ್ಲ, ಅಕ್ಕ ಇರಲಿಲ್ಲ. ಮಗನ್ನ ಕಳಕೊಂಡ ಮೊದಲನೇ ತಾಯಿ ಅವಳು. ಅವಳಿಗೂ ಹೇಬೆಲನೇ ಬೇಕಾಗಿದ್ದ. ಆದರೂ ಹೊಸ ಮಗೂಗೆ ಹೇಬೆಲ ಅಂತ ಕರೀಲಿಲ್ಲ ಯಾಕೆ ಹೇಳು? ಆ ಹೆಸರನ್ನ ಇವನಿಗೆ ಕೊಟ್ಟುಬಿಟ್ಟಿದ್ರೆ, ಹೋದವನನ್ನ ಅವಳು ಏನಂತ ನೆನಸ್ಕೋಬೇಕಿತ್ತು?"

ಮಗಳು ಅಂಗಿಯನ್ನು ಎದೆಗೊತ್ತಿಕೊಂಡಳು.

"ನಮ್ಮ ಗುಬ್ಬಿ ಹತ್ರ ಇರೋದು ಆ ಹೆಸರೊಂದೇ ಕಣೇ. ಅದನ್ನೂ ಕಿತ್ಕೊಳ್ಳೋಣ್ವಾ?"

ಮಗಳ ಮುಖ ಕಿವುಚಿಕೊಂಡಿತು. "ಗುಬ್ಬಿ," ಎಂದಳು ಮೆಲ್ಲಗೆ. ಈ ಸಲ ಕರೆದದ್ದು ತೊಟ್ಟಿಲಲ್ಲಿದ್ದವನನ್ನಲ್ಲ. ಇಷ್ಟು ದಿನ ಕಟ್ಟಿಟ್ಟ ಅಳು ಒಮ್ಮೆಲೇ ಒಡೆದು, ತಾಯಿಯ ಮಡಿಲಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತಳು. ಕಸೂತಿಯಮ್ಮ ಬೆನ್ನು ಸವರುತ್ತಾ ಕೂತಳು. ಒಳಗೆ ಕೂಗುತ್ತಿದ್ದ ಮಗುವನ್ನು ಅಳಿಯನೇ ಎತ್ತಿಕೊಂಡ.

ಭಾನುವಾರ ಅಂಗಿಯ ಅಂಚಿನಲ್ಲಿ ಎರಡು ಹೆಸರಿದ್ದವು: ಮೇಲೆ ಗುಬ್ಬಿ, ಕೆಳಗೆ ಸೇತ. ಹೀಗೆ ಹೊಲಿದದ್ದು ಊರಿನಲ್ಲೇ ಇಲ್ಲ ಎಂದು ಯಾರೋ ಗಿರಾಕಿ ಮೂಗು ಮುರಿದಳು. ಮುರಿದುಕೊಳ್ಳಲಿ, ಅವಳ ಮೂಗು.

ಅಯ್ಯನವರು ಹೆಸರು ಕೇಳಿದರು. ಮಗಳು ತಡವರಿಸದೆ ಹೇಳಿದಳು. ತಲೆಗೆ ನೀರು ಬಿದ್ದದ್ದೇ ತಡ, ಮಗು ಚರ್ಚಿನ ಮಾಡು ಹಾರಿಹೋಗುವಂತೆ ಕಿರುಚಿತು. ಜನ ನಕ್ಕರು. ಮಗಳು ಅವನನ್ನು ಭುಜಕ್ಕೆ ಹಾಕಿಕೊಂಡು, ಒದ್ದೆ ತಲೆಯನ್ನು ಅಂಗೈಯಲ್ಲಿ ಒರೆಸುತ್ತಾ, ಕಸೂತಿಯಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ ಗದರಿದಳು:

"ಸಾಕು ಸುಮ್ನಿರೋ ಸೇತಾ. ನಿಮ್ಮಣ್ಣ ಇಷ್ಟೊಂದು ಅತ್ತಿರಲಿಲ್ಲ."